ಊರಿನ ‘ಕಸ’ಕ್ಕೆ ದುಡ್ಡು ಹಾಕುವ ಮುನ್ನ



ಕಳೆದ ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಬಾಮೈದನ ಫೋನ್ ಬಂತು. ‘ಭಾವ, ಹಾಳೆ ತಟ್ಟೆ ಯೂನಿಟ್ ಹಾಕೋಣ ಅಂತಿದೀನಿ. ಕಚ್ಚಾ ಮಾಲು ಪುಕ್ಕಟೆ, ತೋಟದಲ್ಲಿ ಬಿದ್ದು ಕೊಳೀತಾ ಇದೆ. ನೀವು 20 ಲಕ್ಷ ಹಾಕಿ, ಅಮೆರಿಕದ ಮಾರಾಟ ನೋಡ್ಕೊಳ್ಳಿ.’

ಇಂಥ ಕರೆ ನಿಮಗೂ ಬಂದಿರುತ್ತದೆ. ಹಾಳೆ ಅಲ್ಲದಿದ್ದರೆ ಕಬ್ಬಿನ ರವದಿಯಿಂದ ಗೊಬ್ಬರ, ಭತ್ತದ ಹುಲ್ಲಿನಿಂದ ಗ್ಯಾಸ್, ತೆಂಗಿನ ನಾರಿನ ಪುಡಿಯಿಂದ ಕೊಕೊಪೀಟ್. ಎಲ್ಲದರಲ್ಲೂ ಒಂದೇ ಮಾತು: ‘ಪುಕ್ಕಟೆ ಸಿಗುತ್ತೆ.’ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಬೆಳೆಯ ಉಳಿಕೆ ಒಳ್ಳೆಯ ಸಂಪತ್ತು. ಆದರೆ ಅದು ಪುಕ್ಕಟೆ ಅಂತ ನಂಬಿ ದುಡ್ಡು ಹಾಕಿದವರು ದುಡ್ಡು ಕಳೆದುಕೊಳ್ಳುತ್ತಾರೆ.

ಇದನ್ನು ನಾನು ಕಲಿತದ್ದು ಸ್ವಂತ ಖರ್ಚಿನಲ್ಲಿ. ಕೆಲವು ವರ್ಷಗಳ ಹಿಂದೆ ದಾವಣಗೆರೆ ಕಡೆಯ ಸ್ನೇಹಿತನೊಬ್ಬನ ಬ್ರಿಕೆಟ್ ಯೂನಿಟ್‌ಗೆ 6 ಲಕ್ಷ ಹಾಕಿದ್ದೆ. ಮೆಕ್ಕೆಜೋಳದ ಬೆಂಡನ್ನು ಪುಡಿ ಮಾಡಿ, ಒತ್ತಿ, ಬಾಯ್ಲರ್‌ಗಳಿಗೆ ಸೌದೆಯ ಬದಲಿಗೆ ಮಾರುವ ಕೆಲಸ. ಮೊದಲ ವರ್ಷ ರೈತರು ‘ತಗೊಂಡು ಹೋಗಿ, ಜಾಗ ಖಾಲಿಯಾದರೆ ಸಾಕು’ ಎಂದರು. ಎರಡನೇ ವರ್ಷ ಟ್ರ್ಯಾಕ್ಟರ್ ಲೋಡಿಗೆ ಬೆಲೆ ಕೇಳಿದರು. ಮೂರನೇ ವರ್ಷ ಇನ್ನೊಬ್ಬ ಖರೀದಿದಾರ ಬಂದು ಬೆಲೆ ಏರಿಸಿದ. ಮಷೀನ್ ಚೆನ್ನಾಗಿಯೇ ಓಡುತ್ತಿತ್ತು, ಲೆಕ್ಕ ಮಾತ್ರ ಓಡಲಿಲ್ಲ. ರೈತರ ತಪ್ಪೇನೂ ಇಲ್ಲ. ಯಾರಾದರೂ ಕೊಳ್ಳಲು ಬಂದ ದಿನವೇ ಕಸಕ್ಕೆ ಬೆಲೆ ಹುಟ್ಟುತ್ತದೆ. ನಮ್ಮ ಎಕ್ಸೆಲ್ ಶೀಟಿನಲ್ಲಿ ಆ ಸಾಲು ಸೊನ್ನೆ ಇತ್ತು, ಅದೇ ತಪ್ಪು.

ಹುಲ್ಲು, ಬೆಂಡು, ರವದಿ ಎಲ್ಲ ಹಗುರ. ಲಾರಿ ತುಂಬಿದಂತೆ ಕಾಣುತ್ತದೆ, ಅರ್ಧ ಹೋಗುವುದು ಗಾಳಿ. ಕೊಯ್ಲು ಮುಗಿಯುವುದು ಕೆಲವೇ ವಾರಗಳಲ್ಲಿ, ಕಾರ್ಖಾನೆ ಓಡಬೇಕಾದದ್ದು ವರ್ಷವಿಡೀ. ಅಂದರೆ ಮಳೆಗೆ ನೆನೆಯದ, ಬೆಂಕಿ ತಾಗದ ಗೋದಾಮು ಬೇಕು, ವರ್ಷದ ಮಾಲಿಗೆ ಮುಂಗಡ ಬಂಡವಾಳ ಬೇಕು. ದೊಡ್ಡವರಿಗೂ ಇದು ಸುಲಭವಲ್ಲ. 2018ರಲ್ಲಿ ಕೇಂದ್ರ ಸರ್ಕಾರ ‘ಸತತ್’ ಯೋಜನೆಯಲ್ಲಿ 5,000 ಜೈವಿಕ ಅನಿಲ ಘಟಕಗಳ ಗುರಿ ಇಟ್ಟುಕೊಂಡಿತ್ತು. ಐದು ವರ್ಷ ಕಳೆದರೂ ಅದರ ಹತ್ತಿರಕ್ಕೂ ಹೋಗಲಾಗಲಿಲ್ಲ. 2022ರಲ್ಲಿ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ತೆರೆದ ಎಥೆನಾಲ್ ಘಟಕಕ್ಕೆ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲು ಬೇಕು. ಅಷ್ಟು ಹುಲ್ಲನ್ನು ಗದ್ದೆಗದ್ದೆಯಿಂದ ಒಟ್ಟು ಮಾಡುವುದೇ ಒಂದು ಉದ್ಯಮ.

ಇನ್ನು ಗೊಬ್ಬರದ ಲೆಕ್ಕ. 45 ಕೆ.ಜಿ. ಯೂರಿಯಾ ಚೀಲ ರೈತನಿಗೆ ಸುಮಾರು 266 ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಸಾರಜನಕ 20 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಶೇ. 1ರಷ್ಟು ಸಾರಜನಕ ಇರುವ ಕಾಂಪೋಸ್ಟ್ ಒಂದು ಟನ್ ತೆಗೆದುಕೊಂಡರೆ ಸಿಗುವುದು 10 ಕೆ.ಜಿ. ಯೂರಿಯಾ ಬೆಲೆಯಲ್ಲಿ ಅದು ಸುಮಾರು 130 ರೂಪಾಯಿ! ಲೋಡಿಂಗ್ ಕೂಲಿಗೂ ಸಾಲದು. 2023ರಲ್ಲಿ ಸರ್ಕಾರ ಜೈವಿಕ ಅನಿಲ ಘಟಕಗಳ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಸಬ್ಸಿಡಿ ಯೂರಿಯಾ ಎದುರು ಸಾರಜನಕ ಮಾರಿ ಗೆಲ್ಲಲು ಆಗುವುದಿಲ್ಲ.

ಹಾಗಾದರೆ ಕಾಂಪೋಸ್ಟ್ ದಂಡವೇ? ಖಂಡಿತ ಅಲ್ಲ. ಅದರ ನಿಜವಾದ ಬೆಲೆ ಇರುವುದು ಸಾವಯವ ಇಂಗಾಲದಲ್ಲಿ, ಮಣ್ಣು ನೀರು ಹಿಡಿಯುವ ಶಕ್ತಿಯಲ್ಲಿ, ಪೊಟ್ಯಾಷ್‌ನಲ್ಲಿ. ಒಂದು ಟನ್ ಭತ್ತದ ಹುಲ್ಲಿನಲ್ಲಿ 15ರಿಂದ 25 ಕೆ.ಜಿ. ಪೊಟ್ಯಾಷ್ ಇರುತ್ತದೆ, ನಮ್ಮ ದೇಶವೋ ಪೊಟ್ಯಾಷ್ ಗೊಬ್ಬರವನ್ನು ಬಹುಪಾಲು ಆಮದು ಮಾಡಿಕೊಳ್ಳುತ್ತದೆ. ರವದಿಗೆ ಬೆಂಕಿ ಹಾಕಿದರೆ ಸಾರಜನಕ ಬಹುತೇಕ ಎಲ್ಲ ಹೊಗೆಯಾಗುತ್ತದೆ. ಅದನ್ನೇ ಪುಡಿ ಮಾಡಿ ಸಾಲಿನಲ್ಲಿ ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆ. ಈ ಲಾಭ ಮಾರಾಟದ ಬಿಲ್ಲಿನಲ್ಲಿ ಕಾಣುವುದಿಲ್ಲ, ಆ ಹೊಲದ ಮಾಲೀಕನಿಗೆ ಮಾತ್ರ ಸಿಗುತ್ತದೆ. ಅದಕ್ಕೇ ನಾನು ಹೇಳುವುದು: ಮೊದಲ ಪಾಲು ಮಣ್ಣಿಗೆ, ಮಿಕ್ಕದ್ದು ಯೂನಿಟ್‌ಗೆ. ಹೊಲವನ್ನು ಬರಿದು ಮಾಡಿ ತಟ್ಟೆ ಮಾಡಿದರೆ ನಾಳೆ ಆ ಪೊಟ್ಯಾಷನ್ನು ದುಡ್ಡು ಕೊಟ್ಟು ತರಬೇಕು.

ಈಗ ಬಾಮೈದನ ಹಾಳೆ ತಟ್ಟೆಗೆ ಬರೋಣ. 2025ರಲ್ಲಿ ಅಮೆರಿಕದ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆಯಲ್ಲಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದು ಎಂದು ಹೇಳಿ ಅವುಗಳ ಆಮದಿಗೆ ತಡೆ ಹಾಕಿತು. ಅವನಿಗೆ ಇದು ಗೊತ್ತೇ ಇರಲಿಲ್ಲ! ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, ‘ಹಾಗಾದ್ರೆ ಇಲ್ಲೇ ಮದುವೆ ಮನೆಗಳಿಗೆ ಮಾರೋಣ ಭಾವ’ ಎಂದ. ನನಗೆ ಅಲ್ಲಿ ಒಂದು ಮುಳ್ಳು ಚುಚ್ಚಿತು. ನಾವೆಲ್ಲ ಹಾಳೆಯಲ್ಲೇ ಉಂಡು ಬೆಳೆದವರು, ನನಗೇನೂ ಆಗಿಲ್ಲ. ಆದರೂ ನನ್ನ ಮನೆ ಇರುವ ದೇಶದಲ್ಲಿ ಬೇಡವೆಂದದ್ದನ್ನು ಊರಿನಲ್ಲಿ ಬಂಡವಾಳ ಹಾಕಿ ಮಾರುವಾಗ, ‘ಅಲ್ಲಿ ನಡೆಯುತ್ತೆ’ ಎನ್ನುವುದು ಉತ್ತರವಲ್ಲ. ಉತ್ತರ ಪ್ರಯೋಗಾಲಯದಿಂದ ಬರಬೇಕು. ಆಮೇಲೆ ಒಬ್ಬನೇ ಗಿರಾಕಿ, ಒಂದೇ ದೇಶ ನಂಬಿದ ಉದ್ಯಮಕ್ಕೆ ಒಂದು ಸುತ್ತೋಲೆ ಸಾಕು.

ನಾವು ಹೊರಗಿರುವವರಿಗೆ ಇನ್ನೊಂದು ಮಾತು. ಎನ್‌ಆರ್‌ಐಗಳು ಕೃಷಿ ಜಮೀನು ಕೊಳ್ಳುವಂತಿಲ್ಲ. ಕೃಷಿ ಅಥವಾ ಪ್ಲಾಂಟೇಷನ್ ನಡೆಸುವ ಪಾಲುದಾರಿಕೆ ಸಂಸ್ಥೆಗೂ ದುಡ್ಡು ಹಾಕುವಂತಿಲ್ಲ. ತಯಾರಿಕಾ ಘಟಕವಾದರೆ ಆಗಬಹುದು, ಆದರೆ ಪಾಲುದಾರಿಕೆಯಲ್ಲಿ ಸಾಮಾನ್ಯವಾಗಿ ನಾನ್-ರಿಪಾಟ್ರಿಯೇಷನ್ ಆಧಾರದಲ್ಲಿ. ಅಮೆರಿಕದಲ್ಲಿರುವವರಿಗೆ ಫಾರ್ಮ್ 8865 ಕೂಡ ಬೇಕಾಗಬಹುದು. ಸಹಿ ಹಾಕುವ ಮುನ್ನ ಎರಡೂ ಕಡೆಯ ಲೆಕ್ಕಿಗರನ್ನು ಕೇಳಿ.

ಕೊನೆಗೆ ನಾನು ಮಾಡಿದ್ದು ಇಷ್ಟು. 20 ಲಕ್ಷ ಇಲ್ಲ ಎಂದೆ. ಅಡಿಕೆ ಸಿಪ್ಪೆ, ಸೋಗೆ, ಕೊಂಬೆ ಪುಡಿ ಮಾಡುವ ಯಂತ್ರಕ್ಕೆ 3 ಲಕ್ಷ ಕೊಡುತ್ತೇನೆ ಎಂದೆ. ಮೊದಲು ನಮ್ಮ ತೋಟಕ್ಕೆ, ಆಮೇಲೆ ಅಕ್ಕಪಕ್ಕದವರಿಗೆ ಗಂಟೆ ಬಾಡಿಗೆಗೆ. ಒಂದು ವರ್ಷ ಯಾವ ತಿಂಗಳು ಎಷ್ಟು ಮಾಲು, ಯಾವ ಬೆಲೆಗೆ ಸಿಕ್ಕಿತು ಎಂದು ಪುಸ್ತಕದಲ್ಲಿ ಬರೆದಿಡು, ಆ ಪುಸ್ತಕ ನೋಡಿ ಮುಂದಿನ ಮಾತು ಎಂದೆ. ಅವನಿಗೆ ಬೇಜಾರಾಗಿದೆ, ಹೆಂಡತಿಗೂ ಸ್ವಲ್ಪ. ಆದರೆ ಸಂಬಂಧದಲ್ಲಿ 3 ಲಕ್ಷದ ಬೇಜಾರು ಮಾಸುತ್ತದೆ, 20 ಲಕ್ಷದ್ದು ಮಾಸುವುದಿಲ್ಲ.

ನಿಮಗೂ ಇಂಥ ಫೋನ್ ಬಂದರೆ ಒಂದೇ ಪ್ರಶ್ನೆ ಕೇಳಿ: ‘ಮೂರನೇ ವರ್ಷ ಈ ಕಸಕ್ಕೆ ಎಷ್ಟು ಕೊಡಬೇಕಾಗುತ್ತೆ?’ ಉತ್ತರ ಇದ್ದರೆ ಮುಂದೆ ಮಾತಾಡಿ.