ಡಬ್ಬಿ ತಿರುಗಿದ್ದು ಸಾಕು, ಕೈಕೆಲಸ ಕೊಡ್ರಿ!

ಮದುವೆ ಹಂಗಾಮು ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಎರಡು ವಸ್ತುಗಳ ಸಂಚಾರ ಆರಂಭವಾಗುತ್ತದೆ. ಒಂದು ಸ್ಟೀಲ್ ಡಬ್ಬಿ, ಇನ್ನೊಂದು ಪಾಲಿಸ್ಟರ್ ಬ್ಲೌಸ್ ಪೀಸು. ವಿದ್ಯಾನಗರದಿಂದ ಹೊರಟ ಡಬ್ಬಿ ಕೇಶ್ವಾಪುರಕ್ಕೆ ಹೋಗುತ್ತದೆ. ಅಲ್ಲಿಂದ ಗೋಕುಲ ರಸ್ತೆ. ಅಲ್ಲಿಂದ ಧಾರವಾಡದ ಮಾಳಮಡ್ಡಿ. ಕಡೆಗೊಂದು ದಿನ ಮೊದಲು ಕೊಟ್ಟವರ ಮನೆಗೇ ವಾಪಸು! ಯಾರೂ ಬಿಚ್ಚಿಲ್ಲ, ಯಾರೂ ಬಳಸಿಲ್ಲ. ಮೇಲಿನ ಕಾಗದವಷ್ಟೇ ಹೊಸದು.

ಇದಕ್ಕೆ ನಾವು ಆಯಾರ ಎನ್ನುತ್ತೇವೆ. ಮುಯ್ಯಿಗೆ ಮುಯ್ಯಿ. ಕೊಡುವವರಿಗೂ ಸಂತೋಷವಿಲ್ಲ, ತಗೊಳ್ಳುವವರಿಗೂ ಇಲ್ಲ. ‘ಏನರೆ ಕೊಡಬೇಕಲ್ರೀ’ ಎನ್ನುವ ಹಂಗು ಒಂದೇ ಉಳಿದಿದೆ.

ಈ ಅಂಕಣದ ಮಾತು ಇಷ್ಟೇ. ಕೊಡುವುದಾದರೆ ಕೈಯಿಂದ ಮಾಡಿದ್ದನ್ನು ಕೊಡಿ. ಮಾಡಲು ಬಂದರೆ ನೀವೇ ಮಾಡಿ. ಬರದಿದ್ದರೆ ಮಾಡುವವರಿಂದ ಕೊಳ್ಳಿ. ಕೊಳ್ಳುವಾಗ ಮಾತ್ರ ಅವರ ತಾಸುಗಳ ಲೆಕ್ಕ ಮರೆಯಬೇಡಿ.

ದೂರ ಹುಡುಕಬೇಕಿಲ್ಲ

ಕೈಕೆಲಸ ಅಂದಕೂಡಲೆ ಕೆಲವರಿಗೆ ಥರ್ಮಾಕೋಲ್, ಚಮಕಿ, ಬಣ್ಣದ ಕಾಗದ ನೆನಪಾಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ‘ಕ್ರಾಫ್ಟ್’ ಎಂದು ಕೊಡುವ ಕೆಲಸ. ಮಗು ಮಲಗುತ್ತದೆ, ತಾಯಿ ರಾತ್ರಿ ಹನ್ನೊಂದರವರೆಗೆ ಕೂತು ಅಂಟಿಸುತ್ತಾಳೆ! ಅದರ ಮಾತು ಇಲ್ಲಿ ಬೇಡ.

ನಮ್ಮ ಸುತ್ತಲೇ ಏನಿದೆ ನೋಡಿ. ಧಾರವಾಡದ ಕಸೂತಿಗೆ ಜಿಐ ಮುದ್ರೆ ಇದೆ. ನಮ್ಮದೇ ಜಿಲ್ಲೆಯ ನವಲಗುಂದದ ಜಮಖಾನಕ್ಕೂ ಇದೆ. ಬಾಗಲಕೋಟೆ ಜಿಲ್ಲೆಯಲ್ಲಿ ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ. ಘಟ್ಟದ ಕಡೆ ಹೋದರೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದ್. ಹಳೆ ಅರಿವೆಯ ತುಂಡುಗಳಿಂದ ಮಾಡಿದ ಈ ಕೌದಿಗಳು ಅಮೆರಿಕದ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಕಂಡಿವೆ. ನಮ್ಮ ದುರ್ಗದ ಬೈಲಿನಲ್ಲಿ ಮಾತ್ರ ಕೇಳಿದರೆ, ‘ಕೌದಿನಾ? ಅದೆಲ್ಲ ಯಾರ ತಗೋತಾರ್ರೀ ಈಗ, ಬ್ಲ್ಯಾಂಕೆಟ್ ಒಯ್ರಿ’ ಎಂಬ ಉತ್ತರ!

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಮನೆಯಲ್ಲೇ ಮಾಡಬಹುದಾದವು

ಬರೀ ಉಪದೇಶ ಆಯಿತು ಎನ್ನಬೇಡಿ. ಸೂಜಿ ಹಿಡಿಯಲು ಬರುವ ಯಾರಾದರೂ ಮಾಡಬಹುದಾದ ನಾಲ್ಕು ಕೆಲಸ ಹೇಳುತ್ತೇನೆ.

ಮೊದಲನೆಯದು ಪ್ಯಾಂಟಿನ ಚೀಲ. ಹಳೆ ಪ್ಯಾಂಟಿನ ಕಾಲನ್ನು ಕೆಳಗಿನಿಂದ ಒಂದೂವರೆ ಅಡಿ ಅಳೆದು ಕತ್ತರಿಸಿ. ಕಾಲಿನ ತುದಿಯನ್ನು ಟೇಲರ್ ಮೊದಲೇ ಮಡಚಿ ಹೊಲಿದಿರುತ್ತಾನೆ. ಅದೇ ಚೀಲದ ಬಾಯಿ. ಕತ್ತರಿಸಿದ ಕಡೆ ಒಳಮಗ್ಗುಲು ಹೊರಗೆ ಮಾಡಿ ಎರಡು ಸಾಲು ಗಟ್ಟಿ ಹೊಲಿಗೆ ಹಾಕಿದರೆ ತಳ ಆಯಿತು. ಸೊಂಟದ ಪಟ್ಟಿ ಬಿಚ್ಚಿ ಎರಡು ತುಂಡು ಮಾಡಿದರೆ ಹಿಡಿಕೆ. ಒಂದು ಪ್ಯಾಂಟಿಗೆ ಎರಡು ಚೀಲ. ಎರಡು ಕಿಲೋ ಉಳ್ಳಾಗಡ್ಡಿ ಹಾಕಿ ಬಸ್ಸು ಹತ್ತಿದರೂ ಹರಿಯುವುದಿಲ್ಲ. ಖರ್ಚು ದಾರದ್ದು ಮಾತ್ರ.

ಎರಡನೆಯದು ಖಣದ ತೋರಣ. ಕುಪ್ಪಸ ಹೊಲಿದ ಮೇಲೆ ಉಳಿಯುವ ಖಣದ ಚೂರನ್ನು ಬಿಸಾಡಬೇಡಿ. ಮಾವಿನೆಲೆ ಆಕಾರದಲ್ಲಿ ಜೋಡಿಜೋಡಿಯಾಗಿ ಕತ್ತರಿಸಿ, ನಡುವೆ ಬಕ್ರಮ್ ಇಟ್ಟು ಹೊಲಿಯಿರಿ. ಹನ್ನೊಂದು ಎಲೆಯನ್ನು ಒಂದು ಪಟ್ಟಿಗೆ ಜೋಡಿಸಿ ತುದಿಗೆ ಮಣಿ ಕಟ್ಟಿದರೆ ಬಾಗಿಲಿಗೆ ತೋರಣ. ಹೊಸ ಮನೆ ಹೊಕ್ಕವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾವುದು? ಎರಡು ವರ್ಷಕ್ಕೆ ಬಣ್ಣ ಹೋಗಿ ದೂಳು ಹಿಡಿಯುವ ಪ್ಲಾಸ್ಟಿಕ್ ಮಾವಿನೆಲೆಗಿಂತ ಇದು ಸಾವಿರ ಪಾಲು ಚಲೋ.

ಮೂರನೆಯದು ಕೂಸಿನ ಕೌದಿ. ತೊಟ್ಟಿಲ ಕಾರ್ಯಕ್ಕೆ ಹೋಗುವಾಗ ಒಯ್ಯಲು. ಹಳೆ ಹತ್ತಿ ಸೀರೆ ಅಥವಾ ಧೋತರವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ. ಒಂದೂವರೆ ಮೊಳ ಅಗಲ, ಎರಡು ಮೊಳ ಉದ್ದಕ್ಕೆ ಮೂರು ಪದರ ಹಾಸಿ, ಗಾಳಿಗೆ ಸರಿಯದಂತೆ ನಾಲ್ಕು ಮೂಲೆಗೂ ಭಾರ ಇಡಿ. ಅಂಚಿನಿಂದ ಶುರು ಮಾಡಿ ಬೆರಳಗಲಕ್ಕೆ ಒಂದು ಸಾಲಿನಂತೆ, ಸುತ್ತುತ್ತ ಸುತ್ತುತ್ತ ನಡುವಿಗೆ ಬನ್ನಿ. ದಾರ ಬಿಗಿ ಎಳೆದರೆ ಅರಿವೆ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಕೂಸಿನ ಕಾಲು ಸಿಕ್ಕಿಕೊಳ್ಳುತ್ತದೆ. ನೈಲಾನ್ ಸೀರೆ ಮಾತ್ರ ಬೇಡವೇ ಬೇಡ. ನೀರು ಹೀರುವುದಿಲ್ಲ, ಮೈಗೆ ಕಾವು. ಅದೇ ಅಳತೆಯ ಹತ್ತಿ ಬಟ್ಟೆ ಮಿಕ್ಕರೆ ಕುಂಚಿಗೆಯನ್ನೂ ಹೊಲಿಯಬಹುದು. ಮೇಲೆ ಖಣ, ಒಳಗೆ ಮೆತ್ತನೆಯ ಹಳೆ ಹತ್ತಿ. ಕೂಸಿನ ಕೆನ್ನೆಗೆ ತಾಗುವುದು ಒಳಗಿನದು ಎಂಬುದು ನೆನಪಿರಲಿ.

ನಾಲ್ಕನೆಯದು ಕಸೂತಿ. ಇದು ಕಠಿಣ ಎಂದು ಹೆದರುವವರೇ ಹೆಚ್ಚು. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂದು ಇದರಲ್ಲಿ ನಾಲ್ಕು ಹೊಲಿಗೆ. ಹೊಸಬರಿಗೆ ಗವಂತಿ ಒಂದೇ ಸಾಕು. ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ ತಗೊಳ್ಳಿ. ಹೋಗುವಾಗ ಒಂದು ಮನೆ ತುಂಬಿಸಿ ಒಂದು ಮನೆ ಬಿಡುವುದು, ಬರುವಾಗ ಬಿಟ್ಟ ಮನೆ ತುಂಬಿಸುವುದು. ಪೆನ್ಸಿಲ್ ಗೆರೆ ಇಲ್ಲ, ಗಂಟು ಇಲ್ಲ. ತಿರುವಿ ನೋಡಿದರೆ ಹಿಂದೆಯೂ ಅದೇ ಚಿತ್ರ. ಒಂದು ತುಳಸಿಕಟ್ಟೆ, ಇಲ್ಲವೆ ಒಂದು ಗಿಳಿ. ಅಂಗೈಯಗಲದ ತುಂಡಿಗೆ ಕಟ್ಟು ಹಾಕಿಸಿದರೆ ಗೋಡೆಗೆ ಆಯಿತು.

ಪೇಪರಿನ ಪೊಟ್ಟಣದ ಬಗ್ಗೆಯೂ ಒಂದು ಮಾತು. ಬಳೆ, ಗುಂಡಿ, ಮೊಳೆ ಕಟ್ಟಲು ಹಳೆ ಪೇಪರಿನ ಪೊಟ್ಟಣ ಧಾರಾಳವಾಗಿ ಮಾಡಿ. ಆದರೆ ತಿನ್ನುವ ಪದಾರ್ಥವನ್ನು ಅದರಲ್ಲಿ ಕಟ್ಟಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಮುದ್ರಣದ ಮಸಿ ಎಣ್ಣೆಗೆ ಇಳಿದು ಹೊಟ್ಟೆಗೆ ಹೋಗುತ್ತದೆ. ನಮ್ಮ ಪತ್ರಿಕೆ ಓದ್ರಿ. ಅದರಾಗ ಮಿರ್ಚಿ ಮಾತ್ರ ಕಟ್ಟಬ್ಯಾಡ್ರಿ!

‘ಖಾಲಿ ಕೂತಾಗ ಮಾಡ್ತಾರ’

ಈಗ ಮುಖ್ಯ ವಿಷಯಕ್ಕೆ ಬರೋಣ. ಹೆಣ್ಣುಮಕ್ಕಳ ಕೈಕೆಲಸದ ದರ ಕೇಳಿದೊಡನೆ ಗಂಡಸರ ಬಾಯಿಂದ ಬರುವ ಮಾತು ಇದು: ‘ಮನ್ಯಾಗ ಖಾಲಿ ಕೂತಾಗ ಮಾಡ್ತಾರ, ಅದಕ್ಕೇನ್ ಅಷ್ಟು ರೊಕ್ಕಾ?’

ಸ್ವಾಮಿ, ಖಾಲಿ ಕೂತ ಹೆಣ್ಣುಮಗಳನ್ನು ನೀವು ಯಾವ ಮನೆಯಲ್ಲಿ ನೋಡಿದ್ದೀರಿ?

ಲೆಕ್ಕ ಹಾಕಿ ನೋಡಿ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಅಗೆದವರಿಗೆ 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಒಬ್ಬ ತಾಯಿ ಹತ್ತು ದಿನ ಕೂತು ಒಂದು ದೊಡ್ಡ ಕೌದಿ ಹೊಲಿದಳು ಎಂದಿಟ್ಟುಕೊಳ್ಳಿ. ಆ ದರದಲ್ಲೇ ಕೂಲಿ 3,700 ರೂಪಾಯಿ ಆಯಿತು. ಸೂಜಿ, ದಾರ, ಕಣ್ಣಿನ ನೋವು, ಸೊಂಟದ ನೋವು ಎಲ್ಲ ಬಿಟ್ಟು! ಅದಕ್ಕೆ ನಾವು ಎಷ್ಟು ಕೇಳುತ್ತೇವೆ? ‘ಐನೂರಕ್ಕ ಕೊಡವ್ವಾ, ಹಳೇ ಅರಿವಿ ತಾನ.’

ಸಾಲಿನಲ್ಲಿ ನಿಂತು ಪಿಜ್ಜಾಕ್ಕೆ ಐನೂರು ಕೊಡುವಾಗ ಚೌಕಾಸಿ ಇಲ್ಲ. ಮಾಲಿನಲ್ಲಿ ಚೀಟಿ ಅಂಟಿಸಿದ ದರಕ್ಕೆ ತುಟಿ ಬಿಚ್ಚುವುದಿಲ್ಲ. ಮುದುಕಿಯ ಮುಂದೆ ಮಾತ್ರ ನಮ್ಮ ವ್ಯಾಪಾರದ ಬುದ್ಧಿ ಜಾಗೃತವಾಗುತ್ತದೆ. ಇದು ನಾಚಿಕೆಯ ಸಂಗತಿಯಲ್ಲವೆ?

ಪರಿಣಾಮ ಕಣ್ಣ ಮುಂದಿದೆ. ನವಲಗುಂದದ ಜಮಖಾನ ನೇಯುವವರು ಹೆಣ್ಣುಮಕ್ಕಳು. ಈ ವಿದ್ಯೆಯನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗೆ ಕಲಿಸುತ್ತಿರಲಿಲ್ಲ ಎಂಬ ಮಾತಿದೆ. ಮಗಳು ಮದುವೆಯಾಗಿ ಹೋದಲ್ಲಿಗೆ ಗುಟ್ಟೂ ಹೋದೀತು ಎಂಬ ಅಂಜಿಕೆ. ಅಂದರೆ ಕದಿಯುವಷ್ಟು ಬೆಲೆ ಆ ಕೆಲಸಕ್ಕೆ ಇತ್ತು! ಇಂದು ಕಲಿಸುತ್ತೇವೆ ಬನ್ನಿ ಎಂದರೂ ಮಗಳೂ ಬರುವುದಿಲ್ಲ, ಸೊಸೆಯೂ ಬರುವುದಿಲ್ಲ. ಮಗ್ಗದ ಮುಂದೆ ದಿನಗಟ್ಟಲೆ ಕೂತು ಸಿಗುವುದಕ್ಕಿಂತ ಬೇರೆ ಕೆಲಸದಲ್ಲಿ ಹೆಚ್ಚು ಸಿಗುತ್ತದೆ. ಅವರದೇನು ತಪ್ಪು? ಹೊಟ್ಟೆಗೆ ಹಿಟ್ಟಿಲ್ಲದ ಮೇಲೆ ಜುಟ್ಟಿಗೆ ಮಲ್ಲಿಗೆ ಹೂವೆ?

ಅಂಗಡಿಕಾರರ ಮಾತು

ಅಂಗಡಿಕಾರರದೂ ನ್ಯಾಯದ ಮಾತಿದೆ. ‘ಒಂದು ಚೀಲ ಉದ್ದ, ಒಂದು ಗಿಡ್ಡ. ಇಪ್ಪತ್ತು ಬೇಕಂದ್ರ ಎಂಟು ತರ್ತಾರ. ಹಬ್ಬಕ್ಕ ಬೇಕಂದ್ರ ಹಬ್ಬ ಆದ ಮ್ಯಾಲೆ ಬರ್ತಾರ. ಬಣ್ಣ ಬಿಟ್ರ ಗಿರಾಕಿ ನಮ್ಮ ಕೊಳ್ಳಪಟ್ಟಿ ಹಿಡೀತಾರ.’ ಇದು ಸುಳ್ಳಲ್ಲ. ಆದ್ದರಿಂದ ಅಕ್ಕಂದಿರೇ, ಮಾರಾಟಕ್ಕೆ ಮಾಡುವಾಗ ಮೂರು ನಿಯಮ ಇರಲಿ. ಅಳತೆಗೆ ಒಂದು ರಟ್ಟಿನ ತುಂಡು ಕತ್ತರಿಸಿಟ್ಟುಕೊಂಡು ಎಲ್ಲವನ್ನೂ ಅದರಂತೆ ಮಾಡಿ. ಬಟ್ಟೆಯನ್ನು ಮೊದಲು ಉಪ್ಪುನೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೋ ನೋಡಿ. ಹೇಳಿದ ದಿನಕ್ಕೆ ಆಗುವಷ್ಟನ್ನೇ ಒಪ್ಪಿಕೊಳ್ಳಿ. ಹತ್ತು ಜನ ಕೂಡಿದರೆ ಇಪ್ಪತ್ತು ಚೀಲ ಕಷ್ಟವೇನಲ್ಲ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳು ಊರೂರಿಗೂ ಇವೆಯಲ್ಲ, ಸಾಲದ ಕಂತು ಕಟ್ಟುವುದಕ್ಕೆ ಮಾತ್ರ ಯಾಕೆ ಸೇರಬೇಕು?

ಇನ್ನು ಅಂಗಡಿಕಾರರಿಗೆ. ‘ಇಟ್ಟು ಹೋಗ್ರಿ, ಮಾರಿದ ಮ್ಯಾಲೆ ರೊಕ್ಕಾ’ ಎನ್ನುವ ಪದ್ಧತಿ ಬಿಡಬೇಕು. ಮುಂಬೈ, ದಿಲ್ಲಿ ಮಾಲಿಗೆ ಮುಂಗಡ ಕೊಡುತ್ತೀರಿ, ಊರ ಹೆಣ್ಣುಮಗಳಿಗೆ ಉದ್ರಿ ಹೇಳುತ್ತೀರಿ. ಪೂರ್ತಿ ಬೇಡ, ಅರ್ಧ ಕೈಯಲ್ಲಿಡಿ. ಅಂಗಡಿಯ ಮುಂದಿನ ಒಂದೇ ಒಂದು ಹಲಗೆ ಊರ ಕೈಕೆಲಸಕ್ಕೆ ಬಿಡಿ. ಇದು ದಾನವಲ್ಲ, ವ್ಯಾಪಾರವೇ. ರಾಜ್ಯ ಸರಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಕೇಂದ್ರ 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಸಾಮಾನಿಗೆ ತಡೆ ಹಾಕಿತು. ಪಾಲಿಕೆಯವರು ದಂಡದ ಪುಸ್ತಕ ಹಿಡಿದು ಬಂದಾಗ ಗಲ್ಲೆಯ ಕೆಳಗೆ ಚೀಲ ಮುಚ್ಚಿಡುವ ಬದಲು, ಪ್ಯಾಂಟಿನ ಚೀಲ ತೂಗುಹಾಕಿ ಧೈರ್ಯವಾಗಿ ಕೂರಬಹುದಲ್ಲ!

ಬಸ್ ನಿಲ್ದಾಣದಲ್ಲಿ ನಾಲ್ಕಡಿ ಜಾಗ

ಕಡೆಗೆ ಸಾರಿಗೆಯವರಿಗೆ ಮತ್ತು ಪಾಲಿಕೆಗೆ ಒಂದು ಮನವಿ.

ರೈಲ್ವೆಯವರು 2022ರಲ್ಲಿ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಎಂಬ ಯೋಜನೆ ತಂದರು. ನಿಲ್ದಾಣದೊಳಗೆ ಆಯಾ ಊರಿನ ಕೈಕೆಲಸ, ತಿಂಡಿ ಮಾರಲು ಸಣ್ಣ ಮಳಿಗೆ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು ಎಂದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ನಮಗೆ ಬಸ್ ನಿಲ್ದಾಣದಲ್ಲಿ ಅಷ್ಟುದ್ದ ಬೇಡ. ನಾಲ್ಕಡಿ ಮೇಜು ಸಾಕು!

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ನವಲಗುಂದ, ಕುಂದಗೋಳ, ಕಲಘಟಗಿಯಿಂದ ಗಂಟು ಹೊತ್ತು ಬರುವ ತಾಯಿಗೆ ದಾರಿ ಖರ್ಚು ಉಳಿಯಿತು. ಬಂದ ಮೇಲೆ ಕೂರುವುದೆಲ್ಲಿ? ನಿಲ್ದಾಣದೊಳಗಿನ ಮಳಿಗೆ ಟೆಂಡರು ಹಿಡಿದವರದು. ಹೊರಗೆ ಕೂತರೆ ‘ಏಳವ್ವಾ ಏಳು’ ಎಂಬ ಲಾಠಿ. ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿಕೊಡಬೇಕೆಂಬ ಕಾನೂನು 2014ರಿಂದಲೇ ಇದೆ. ಆ ಕಾನೂನಿನ ನೆರಳು ಈ ಗಂಟಿನ ಮೇಲೂ ಬೀಳಬೇಡವೆ?

ಪ್ರತಿ ದೊಡ್ಡ ಬಸ್ ನಿಲ್ದಾಣದಲ್ಲಿ ಎರಡು ಮೇಜು. ವಾರಕ್ಕೊಂದು ತಾಲೂಕಿನ ಸಂಘಕ್ಕೆ ಸರದಿ. ಬಾಡಿಗೆ ಇಲ್ಲ, ಇದ್ದರೂ ಹೆಸರಿಗಷ್ಟೆ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ, ಸಮಿತಿ ಬೇಕಿಲ್ಲ, ಬೆಂಗಳೂರಿಗೆ ನಿಯೋಗ ಹೋಗಬೇಕಿಲ್ಲ. ಒಂದು ಆದೇಶದ ಕಾಗದ ಸಾಕು. ಬಸ್ಸಿಗೆ ಕಾಯುವ ಜನರ ಕಣ್ಣೆದುರು ದಿನವೂ ಕೌದಿ, ಕುಂಚಿಗೆ, ತೋರಣ ಕಂಡರೆ ಕೊಳ್ಳುವವರು ತಾವಾಗಿ ಬರುತ್ತಾರೆ.

ಓದುಗರಿಗೂ ಒಂದು ಸಣ್ಣ ಕೆಲಸ ಉಂಟು. ಮುಂದಿನ ಲಗ್ನಪತ್ರಿಕೆ ಕೈಗೆ ಬಂದಾಗ ಅಟ್ಟದ ಮೇಲಿನ ಡಬ್ಬಿಗೆ ಕೈ ಹಾಕಬೇಡಿ. ಅದೇ ಡಬ್ಬಿಯನ್ನು ಇಳಿಸಿ ಮನೆಯಲ್ಲೇ ಅವಲಕ್ಕಿ ತುಂಬಿಡಿ. ಕೈಕೆಲಸದ ಒಂದು ತುಂಡು ಒಯ್ಯಿರಿ, ಮಾಡಿದವರು ಯಾರೆಂದು ಹೇಳಿ ಕೊಡಿ.

ಮೇಜು ಹಾಕಿಸುವ ಅಧಿಕಾರ ಇರುವವರು ಇತ್ತ ಗಮನ ಹರಿಸುವರೇ?