ನೋಡ್ಕೊಂಡು ನಡೀಬಾರ್ದಿತ್ತಾ?

ಮಳೆಗಾಲದಲ್ಲಿ ಯಾರಾದ್ರೂ ಜಾರಿ ಬಿದ್ದರೆ ನಮ್ಮ ಸಂಸೆ ಕಡೆ ಮೊದಲು ಕೇಳೋ ಪ್ರಶ್ನೆ ಇದು. ಎತ್ತೋದು ಆಮೇಲೆ. ಅಂಗಳ ಯಾರದ್ದು, ಅಲ್ಲಿ ಪಾಚಿ ಕಟ್ಟೋಕೆ ಬಿಟ್ಟವರು ಯಾರು ಅಂತ ಒಬ್ಬರೂ ಕೇಳಲ್ಲ.

ಎರಡು ವರ್ಷದ ಹಿಂದೆ ಆಷಾಢದಲ್ಲಿ ತೋಟದ ಕೆಲಸಕ್ಕೆ ಬರುವ ಅಕ್ಕ ಒಬ್ಬರು ಕಾಫಿ ಸಸಿಯ ಬುಟ್ಟಿ ಹೊತ್ತು ನಮ್ಮನೆ ಹಿಂದಿನ ಮೆಟ್ಟಿಲು ಇಳಿಯುವಾಗ ಜಾರಿದರು. ಮಣಿಕಟ್ಟು ಮುರಿಯಿತು. ಅಪ್ಪ ಜೀಪಲ್ಲಿ ಕಳಸಕ್ಕೆ ಕರ್ಕೊಂಡು ಹೋಗಿ ಕಟ್ಟು ಹಾಕಿಸಿ, ಕೈಗೆ 2000 ರೂಪಾಯಿ ಕೊಟ್ಟರು. ಒಂದೂವರೆ ತಿಂಗಳು ಅವರಿಗೆ ಕೂಲಿ ಇಲ್ಲ. ಬೆಂಗಳೂರಿಂದ ಫೋನ್ ಮಾಡಿ "ಪಾಪ, ಏನಾದ್ರೂ ಸಹಾಯ ಮಾಡಿ ಅಪ್ಪ" ಅಂದವನು ನಾನು. ಸಹಾಯವಂತೆ! ಅದು ನಾವು ತೀರಿಸಬೇಕಾಗಿದ್ದ ಸಾಲ.

ಅದೇ ಮನೆಯ ಮುಂಭಾಗದಲ್ಲಿ ಎರಡು ಹೋಮ್‌ಸ್ಟೇ ಕೋಣೆಗಳಿವೆ. ಅಲ್ಲಿಯ ಅಂಗಳಕ್ಕೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತಂತಿ ಬ್ರಷ್‌ನಲ್ಲಿ ಉಜ್ಜುತ್ತಾರೆ, ನಡೆಯೋ ಜಾಗಕ್ಕೆ ಅಡಿಕೆ ಸೋಗೆ ಹಾಸುತ್ತಾರೆ. ಪಾಚಿ ತೆಗೆಯೋದು ಹೇಗೆ ಅಂತ ನಮಗೆ ಚೆನ್ನಾಗಿ ಗೊತ್ತಿತ್ತು. ಯಾರಿಗಾಗಿ ತೆಗೀಬೇಕು ಅನ್ನೋದನ್ನೂ ನಾವೇ ತೀರ್ಮಾನ ಮಾಡಿದ್ವಿ.

ನ್ಯೂಯಾರ್ಕ್ ನಗರದಲ್ಲಿ ಹಗಲು ಹಿಮ ಬೀಳೋದು ನಿಂತ 4 ಗಂಟೆಯೊಳಗೆ ಕಟ್ಟಡದ ಮುಂದಿನ ಫುಟ್‌ಪಾತ್ ಚೊಕ್ಕ ಮಾಡಬೇಕು. ಮಾಲೀಕರೇ ವಾಸವಿರುವ ಸಣ್ಣ ಮನೆಗಳನ್ನು ಬಿಟ್ಟು ಉಳಿದ ಕಡೆ, ಹಾಗೆ ಮಾಡದೆ ಯಾರಾದ್ರೂ ಬಿದ್ದರೆ 2003ರಿಂದ ಮಾಲೀಕರೇ ಹೊಣೆ. "ಹಿಮ ಸುರಿಸಿದ್ದು ನಾನಾ?" ಅಂತ ಅಲ್ಲಿ ವಾದಿಸೋ ಹಾಗಿಲ್ಲ. ನಮ್ಮಲ್ಲಿ ಮಾತ್ರ ಮಳೆ ದೇವರದ್ದು, ಬಿದ್ದದ್ದು ಹಣೆಬರಹ.

ಅಮೆರಿಕ ಬಿಡಿ. ನಮ್ಮದೇ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕಾಫಿ ತೋಟದ ಕೆಲಸವೂ ಸೇರಿತ್ತು. ಕೆಲಸದ ವೇಳೆ ಗಾಯವಾದರೆ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಿಲ್ಲ. "ಅವಳೇ ಅಜಾಗರೂಕತೆಯಿಂದ ನಡೆದಳು" ಅನ್ನೋ ನೆಪವೂ ನಡೆಯಲ್ಲ. ನನಗೆ ಪರಿಹಾರ ಬೇಡ ಅಂತ ಕಾರ್ಮಿಕರಿಂದ ಬರೆಸಿಕೊಂಡರೂ ಆ ಕಾಗದಕ್ಕೆ ಬೆಲೆ ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಅದೇ ತತ್ವ ಬಂದಿದೆ. ನಾವು ಕೇಳೋ ಆ ಪ್ರಶ್ನೆಗೆ ಕಾನೂನು ಹೆಚ್ಚುಕಮ್ಮಿ ನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟಿದೆ. ಕೇಳಿಸಿಕೊಂಡಿಲ್ಲ, ಅಷ್ಟೇ.

"ಸಣ್ಣ ತೋಟದವರು ಎಲ್ಲಿಂದ ತರೋದು?" ಅಂತೀರಾ? ಜೀಪಿಗೆ ಇನ್ಶೂರೆನ್ಸ್ ಮಾಡಿಸ್ತೀವಿ, ಕೆಲಸದವರಿಗೂ ಮಾಡಿಸಬಹುದು. ಅದಕ್ಕೂ ಮೊದಲು ಒಂದು ಬ್ರಷ್, ಒಂದು ಕೈಹಿಡಿ, ನಾಲ್ಕು ಸೋಗೆ. ಕೂಲಿಯವರು ಕೈಯಲ್ಲಿ ದುಡಿಯೋರು. ಆ ಕೈ ಮುರಿದರೆ ಅವರಿಗೆ ವರ್ಕ್ ಫ್ರಂ ಹೋಮ್ ಇಲ್ಲ.

ಕುದುರೆಮುಖ ಟ್ರೆಕ್ಕಿಗೆ ಅಂತ ಮುಳ್ಳೋಡಿಗೆ ಬರ್ತೀರಲ್ಲ, ಉಳಿದುಕೊಂಡ ಮನೆಯ ಹಿಂಬಾಗಿಲ ಮೆಟ್ಟಿಲನ್ನೂ ಒಮ್ಮೆ ನೋಡಿ. ನನ್ನ ಹಾಗೆ ಊರಲ್ಲಿ ತೋಟ ಇರೋರು ನಿಮ್ಮ ಮನೆಯದ್ದನ್ನೇ ನೋಡಿ.

ಕಳೆದ ತಿಂಗಳು ಊರಿಗೆ ಹೋದಾಗ ಆ ಒಂದೂವರೆ ತಿಂಗಳ ಕೂಲಿ ಲೆಕ್ಕ ಹಾಕಿ ಕೊಟ್ಟೆ. "ಈಗ್ಯಾಕೋ ಇದು?" ಅಂದರು ಅಪ್ಪ. ಆ ಅಕ್ಕ ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡು ಹೇಳಿದ್ದು ಇಷ್ಟೇ: "ಆ ಮೆಟ್ಟಿಲು ಒಂಚೂರು ಉಜ್ಜಿಸಿ ಅಯ್ಯಾ."

ಎರಡು ಮಳೆಗಾಲ ಕಳೆದಿತ್ತು. ನಾವಿನ್ನೂ ಉಜ್ಜಿರಲಿಲ್ಲ.