ಕಂತಿನ ಕುದುರೆಯ ಲಗಾಮು ಯಾರ ಕೈಯಲ್ಲಿ?

ರಾತ್ರಿ ಪಾಳಿ ಬಿಡುವ ಹೊತ್ತಿಗೆ ಎಷ್ಟೋ ಹಳ್ಳಿಗಳಿಗೆ ಬಸ್ಸಿಲ್ಲ. ನಸುಕಿನಲ್ಲಿ ಸಂತೆಗೆ ಸರಕು ಒಯ್ಯುವವನಿಗೂ ಬಸ್ಸಿಲ್ಲ. ಹೀಗಿರುವಾಗ ದುಡಿಯುವವರ ಮನೆಯ ಹುಡುಗ ಗಾಡಿಯೊಂದು ಬೇಕೆಂದರೆ ಅದನ್ನು ಷೋಕಿಯೆಂದು ಜರೆಯುವ ಹಕ್ಕು ಯಾರಿಗೂ ಇಲ್ಲ. ಮಗ್ಗದಂತೆ, ತಕ್ಕಡಿಯಂತೆ ಗಾಡಿಯೂ ದುಡಿಮೆಯ ಸಲಕರಣೆ. ನಮ್ಮ ತಕರಾರು ಗಾಡಿಯ ಮೇಲಲ್ಲ, ಅದನ್ನು ಬಡವರ ತಲೆಗೆ ಕಟ್ಟುವ ಬಗೆಯ ಮೇಲೆ.

ಲೈಸೆನ್ಸ್ ಪರ್ಮಿಟ್ಟುಗಳ ಕಾಲದಲ್ಲಿ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಂದು ಗಿರಾಕಿ ಗಾಡಿಗಾಗಿ ಕಾದ. ಇಂದು ಸಾಲವೇ ಗಿರಾಕಿಗಾಗಿ ಷೋರೂಮಿನ ಬಾಗಿಲಲ್ಲಿ ಕಾದು ಕುಳಿತಿದೆ.

ಫಲಕದ ಮೇಲಿನ ದೊಡ್ಡಕ್ಷರದ ಬೆಲೆ ಪೂರ್ತಿ ಬೆಲೆಯಲ್ಲ. ಅದರ ಮೇಲೆ ಆಜೀವ ರಸ್ತೆ ತೆರಿಗೆ, ನೋಂದಣಿ ಮತ್ತು 2018ರ ಸೆಪ್ಟೆಂಬರಿನಿಂದ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಬೀಳುತ್ತವೆ. 350 ಸಿ.ಸಿ.ವರೆಗಿನ ಗಾಡಿಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಂದು ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆಯಲ್ಲಿ ಉಳಿದದ್ದನ್ನು ಬಡ್ಡಿ ನುಂಗಿದರೆ ಬಡವನಿಗೆ ದಕ್ಕಿದ್ದೇನು?

"ಶೇಕಡಾ ಹತ್ತೇ ಬಡ್ಡಿ" ಎನ್ನುತ್ತಾನೆ ಸಾಲದ ಏಜೆಂಟ. ಲೆಕ್ಕ ನೋಡಿ. ಮೂರು ವರ್ಷಕ್ಕೆ 80,000 ರೂಪಾಯಿ ಸಾಲ. ವರ್ಷಕ್ಕೆ 8,000ದಂತೆ ಬಡ್ಡಿ 24,000. ತಿಂಗಳಿಗೆ ಸುಮಾರು 2,890 ರೂಪಾಯಿಯ 36 ಕಂತು. ಪ್ರತಿ ಕಂತಿನಲ್ಲೂ ಅಸಲು ಇಳಿಯುತ್ತದೆ. ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 80,000ದ ಮೇಲೆಯೇ! ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ಶೇಕಡಾ 18ರ ಹತ್ತಿರ ಬೀಳುತ್ತದೆ. ಹತ್ತೆಂದು ಹೇಳಿ ಹದಿನೆಂಟು ಕೀಳುವುದನ್ನು ಸಂತೆಯಲ್ಲಿ ಕಳ್ಳತೂಕ ಎನ್ನುತ್ತಾರೆ. ಸಣ್ಣ ವ್ಯಾಪಾರಿಯ ತಕ್ಕಡಿ ಪರೀಕ್ಷಿಸಲು ಇನ್ಸ್‌ಪೆಕ್ಟರು ಬರುತ್ತಾರೆ. ಈ ತಕ್ಕಡಿಯನ್ನು ಪರೀಕ್ಷಿಸುವವರು ಯಾರು?

ನಾವೇ ಪರೀಕ್ಷಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ, 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ನಿಜವಾದ ವಾರ್ಷಿಕ ದರ ನಮೂದಿಸಿದ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಅದನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಗಾಡಿಯ ಜತೆಗೇ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅದು ಮಾಲೀಕನ ಧರ್ಮವಲ್ಲ, ನಿಮ್ಮ ಹಕ್ಕು.

ಇನ್ನು ತರುಣ ಮಿತ್ರರಿಗೆ ಒಂದು ಮಾತು. ಜಾಹೀರಾತಿನ ಸಿನಿಮಾ ನಟ ನಿಮ್ಮ ಕಂತು ಕಟ್ಟುವುದಿಲ್ಲ. ಗಿರಣಿಗೆ ಹೋಗಿಬರಲು ನೂರು ಸಿ.ಸಿ.ಯ ಸ್ಪ್ಲೆಂಡರಿನಂಥ ಗಾಡಿ ಧಾರಾಳ ಸಾಕು. ಮೂಟೆ ಹೇರುವವನಿಗೆ ಟಿ.ವಿ.ಎಸ್. ಎಕ್ಸ್ಎಲ್ ಮೊಪೆಡ್ಡೇ ಎತ್ತು. ಅಕ್ಕತಂಗಿಯರೂ ಓಡಿಸುವ ಮನೆಗೆ ಗೇರಿಲ್ಲದ ಸ್ಕೂಟರು ಲೇಸು. 150 ಸಿ.ಸಿ. ದಾಟಿದರೆ ಥರ್ಡ್ ಪಾರ್ಟಿ ವಿಮೆಯ ದರವೇ ಮೇಲಿನ ಅಂತಸ್ತಿಗೆ ಏರುತ್ತದೆ. ಪೆಟ್ರೋಲಿನ ಖರ್ಚೂ ಹಿಂದೆಯೇ ಏರುತ್ತದೆ.

ಆಗಬೇಕಾದ್ದೇನು? ಷೋರೂಮಿನ ಫಲಕದಲ್ಲಿ ರಸ್ತೆಗಿಳಿಯುವ ಪೂರ್ತಿ ಬೆಲೆಯೂ ನಿಜವಾದ ಬಡ್ಡಿಯೂ ದೊಡ್ಡಕ್ಷರದಲ್ಲಿರಲಿ. ಕಾರ್ಮಿಕರ ಸಹಕಾರಿ ಪತ್ತಿನ ಸಂಘಗಳು ಇಳಿಯುವ ಬಾಕಿಯ ಬಡ್ಡಿಯಲ್ಲಿ ಗಾಡಿ ಸಾಲ ಕೊಡಲಿ. ಪಾಳಿಯ ವೇಳೆಗೆ ಸರಿಯಾಗಿ ಸರಕಾರ ಬಸ್ಸು ಬಿಡಲಿ. ಗಾಡಿ ಇಲ್ಲದವನೂ ಮನೆ ಸೇರಬೇಕಷ್ಟೆ!

ಅಲ್ಲಿಯವರೆಗೆ ಷೋರೂಮಿಗೆ ಒಬ್ಬರೇ ಹೋಗಬೇಡಿ. ಲೆಕ್ಕ ಬಲ್ಲ ಸಂಗಾತಿಯೊಬ್ಬನನ್ನು ಕರೆದುಕೊಂಡು ಹೋಗಿ. ಪತ್ರ ಓದದೆ ಸಹಿ ಹಾಕಬೇಡಿ.